ನಾನು ಕಲಿಸಿದ ಶಾಂತ ಮೂಲೆ

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಮಗುವಿನ ವಿಶ್ವಾಸ ಗಳಿಸುವುದು ಹೇಗೆ ಮೇಡಂ ಎಂದು ಕೇಳುತ್ತಾರೆ. ಇಷ್ಟು ವರ್ಷ ಮಾಡಿದ ಮೇಲೂ ನನಗೆ ಅದಕ್ಕೆ ನೇರವಾದ ಉತ್ತರ ಗೊತ್ತಿಲ್ಲ. ಯಾರನ್ನು, ಯಾವುದನ್ನು ಅನುಮಾನಿಸಬೇಕು ಎಂದು ಕೇಳಿದರೆ ಸ್ವಲ್ಪ ಹೇಳಬಲ್ಲೆ. ಆದರೆ ಅದನ್ನು ಹೇಳಲು ಹೊರಟರೆ ನಾನು ಒಂದು ಮನೆಯವರಿಗೆ ಮಾಡಿದ ಅನ್ಯಾಯವನ್ನೂ ಹೇಳಬೇಕಾಗುತ್ತದೆ. ಎದುರಿಗೆ ಕೂತವರಿಗೆ ಹೇಳಲು ನಾಲಿಗೆ ಏಳುವುದಿಲ್ಲ. ಬರೆಯುವುದು ಸುಲಭ. ಹೆಸರುಗಳನ್ನು ಬದಲಿಸಿದ್ದೇನೆ, ಮಿಕ್ಕದ್ದು ನಡೆದಂತೆಯೇ ಇದೆ.

ನಾನು ಮೊದಲು ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದವಳು. ಆಮೇಲೆ ಒಂದು ಚಿಕ್ಕ ತರಬೇತಿ ಕೊಟ್ಟು, ಶಿವಮೊಗ್ಗ ಮತ್ತು ಭದ್ರಾವತಿಯ ಕೆಲವು ಶಾಲೆಗಳನ್ನು ಸುತ್ತುವ ಕೆಲಸಕ್ಕೆ ಹಾಕಿದರು. ಹೊಡೆಯುವ, ಕಚ್ಚುವ, ತರಗತಿಯಿಂದ ಓಡಿಹೋಗುವ, ದಿನಗಟ್ಟಲೆ ಬಾಯಿ ಬಿಡದ ಮಕ್ಕಳನ್ನು ಒಂದನೇ ಎರಡನೇ ಕ್ಲಾಸಿನಲ್ಲೇ ಗುರುತಿಸಿ, ಅವರ ಜೊತೆ ಕೂತು, ಟೀಚರಿಗೂ ಮನೆಯವರಿಗೂ ದಾರಿ ಹೇಳುವುದು ನನ್ನ ಪಾಲಿಗೆ ಬಂದದ್ದು. ನಾಲ್ಕನೇ ಕ್ಲಾಸು ದಾಟುವಷ್ಟರಲ್ಲಿ ಮಗುವಿಗೆ 'ಪೋಕರಿ' ಎಂದು ಹೆಸರು ಬಿದ್ದಿರುತ್ತದೆ. ಆಮೇಲೆ ಮಗು ಆ ಹೆಸರಿಗೆ ತಕ್ಕ ಹಾಗೆ ನಡೆದುಕೊಳ್ಳಲು ಕಲಿತುಬಿಡುತ್ತದೆ.

ಮೊದಲ ಪಾಠ ಕಲಿಸಿದವರು ನ್ಯೂ ಟೌನಿನ ಒಬ್ಬ ಹೆಡ್‌ಮಾಸ್ಟರು. ನಾನು ಹೋದಾಗಲೆಲ್ಲ ಕಾಫಿ ತರಿಸಿ, "ನಮ್ಮಲ್ಲಿ ಅಂಥ ಮಕ್ಕಳು ಯಾರೂ ಇಲ್ಲ ಮೇಡಂ, ಬೇಕಾದ್ರೆ ಕ್ಲಾಸ್ ನೋಡ್ಕೊಂಡ್ ಬನ್ನಿ" ಎನ್ನುತ್ತಿದ್ದರು. ನೋಡಿದರೆ ಮಕ್ಕಳೆಲ್ಲ ಕೈಕಟ್ಟಿ ಕೂತಿರುತ್ತಿದ್ದವು. ಎರಡು ವರ್ಷ ಆ ಶಾಲೆಯನ್ನು ಮಾದರಿ ಎಂದು ಎಲ್ಲ ಕಡೆ ಹೊಗಳಿದೆ. ಒಂದು ದಿನ ಬಸ್ಸು ತಪ್ಪಿ, ಹೋಗಬೇಕಾದ ಶಾಲೆ ಬಿಟ್ಟು ಅಲ್ಲಿಗೆ ಹೋದೆ. ಮೂರು ಹೊಸ ಮುಖಗಳು ಕಂಡವು. ಒಬ್ಬ ಹುಡುಗ ಮೇಜಿನ ಮೇಲೆ ನಿಂತಿದ್ದ. ಕೇಳಿದರೆ ಪಕ್ಕದ ಹುಡುಗಿ ಹೇಳಿದಳು, "ಇವರು ಮೂರು ಜನಕ್ಕೆ ನೀವು ಬರೋ ದಿನ ರಜ ಮಿಸ್." ಅಂದಿನಿಂದ ನಾನು ಯಾವ ಶಾಲೆಗೂ ಹೇಳಿ ಹೋಗಲಿಲ್ಲ. ಹೆಡ್‌ಮಾಸ್ಟರುಗಳು ನನ್ನನ್ನು ಸಿಐಡಿ ಎಂದು ಕರೆಯುತ್ತಿದ್ದರಂತೆ. ಕರೆಯಲಿ ಎಂದುಕೊಂಡೆ.

ಎರಡನೆಯದು ನನ್ನದೇ ಎಡವಟ್ಟು. ಶಿವಮೊಗ್ಗದ ಒಂದು ಶಾಲೆಯಲ್ಲಿ ಒಂದನೇ ಕ್ಲಾಸಿನ ಒಂದು ಮಗು ವರ್ಷವಿಡೀ ತುಟಿ ಪಿಟಕ್ಕೆನ್ನದೆ ಕೂತಿತ್ತು. "ಬಂಗಾರದಂಥ ಮಗು" ಎಂದರು ಟೀಚರು. ನಾನೂ 'ತೊಂದರೆ ಇಲ್ಲ' ಎಂದು ಗುರುತು ಹಾಕಿದೆ. ಬಾತ್‌ರೂಮಿಗೆ ಹೋಗಬೇಕು ಎಂದು ಕೇಳಲೂ ಹೆದರಿ ಆ ಮಗು ಬಟ್ಟೆಯಲ್ಲೇ ಮಾಡಿಕೊಂಡು ಸಂಜೆವರೆಗೆ ಕೂರುತ್ತಿತ್ತು ಎಂಬುದು ಮುಂದಿನ ವರ್ಷ ಬೇರೆ ಟೀಚರು ಬಂದ ಮೇಲೆ ಗೊತ್ತಾಯಿತು. ಗಲಾಟೆ ಮಾಡುವ ಮಗು ಕೊನೇ ಪಕ್ಷ ಏನೋ ಹೇಳುತ್ತಿರುತ್ತದೆ.

ಇಷ್ಟು ಕಲಿತು ನಾನು ಚುರುಕಾದೆ ಎಂದು ನನಗೇ ಹೆಮ್ಮೆ ಇತ್ತು. ಆ ಹೊತ್ತಿಗೆ ನಾವು ಕೆಲಸ ಮಾಡುವ ರೀತಿಯೂ ಬದಲಾಗಿತ್ತು. ಮೊದಲು ಉದ್ದನೆಯ ನೋಟ್‌ಬುಕ್ಕಿನಲ್ಲಿ ಕಂಡದ್ದನ್ನೆಲ್ಲ ಬರೆಯುತ್ತಿದ್ದೆ. ಆಮೇಲೆ ಫಾರಂ ಬಂತು, ಅದರ ಮೇಲೆ ಫೋನಿನಲ್ಲಿ ತುಂಬುವ ಫಾರಂ ಬಂತು. ತಂದೆ ಕುಡಿಯುತ್ತಾರೆಯೇ, ಮನೆಯಲ್ಲಿ ಜಗಳವಿದೆಯೇ, ಮಲತಂದೆ ಮಲತಾಯಿ ಇದ್ದಾರೆಯೇ ಎಂದು ಮನೆಯ ಬಗ್ಗೆ ಪ್ರಶ್ನೆಗಳ ಸಾಲೇ ಇತ್ತು. ಶಾಲೆಯಲ್ಲಿ ಮಗುವಿಗೆ ಏನಾಗುತ್ತಿದೆ ಎಂಬ ಪ್ರಶ್ನೆ ಅದರಲ್ಲಿ ಇರಲಿಲ್ಲ. ಅದು ನನ್ನ ಕಣ್ಣಿಗೆ ಬೀಳಲೂ ಇಲ್ಲ.

ನಿವೃತ್ತಿಗೆ ಮೂರು ವರ್ಷ ಇದ್ದಾಗ ರೇವತಿಯ ವಿಷಯ ಬಂತು. ಭದ್ರಾವತಿಯ ಓಲ್ಡ್ ಟೌನಿನ ಒಂದು ಶಾಲೆಯಲ್ಲಿ ಎರಡನೇ ಕ್ಲಾಸಿನ ಹುಡುಗಿ. ಏಳು ವರ್ಷದ, ಸಣ್ಣ ಜಡೆಯ, ನೆಲ ನೋಡಿ ನಡೆಯುವ ಮಗು. ಊಟದ ಹೊತ್ತಾದ ಮೇಲೆ ಇದ್ದಕ್ಕಿದ್ದಂತೆ ಕಿರುಚುತ್ತಾಳೆ, ಹತ್ತಿರ ಹೋದವರನ್ನು ಕಚ್ಚುತ್ತಾಳೆ ಎಂದು ವರದಿ. ಬರೆದವರು ಕ್ಲಾಸ್ ಟೀಚರ್ ಗಿರಿಜಾ. ಗಿರಿಜಾ ಎಂದರೆ ನನಗೆ ಬಹಳ ಅಭಿಮಾನ. ನಾನು ಕೊಟ್ಟ ತರಬೇತಿಗೆ ಬಂದು ಎಲ್ಲವನ್ನೂ ಬರೆದುಕೊಂಡವರು ಅವರೊಬ್ಬರೇ. ಅವರ ವರದಿಯ ಅಕ್ಷರ ಮುತ್ತು ಪೋಣಿಸಿದ ಹಾಗೆ. ಪ್ರತಿ ಘಟನೆಯ ಕೆಳಗೆ 'ಶಾಂತ ಮೂಲೆ ಬಳಸಲಾಯಿತು, ಮಗು ಸಮಾಧಾನಗೊಂಡಿತು' ಎಂದು ಇರುತ್ತಿತ್ತು.

ಶಾಂತ ಮೂಲೆ ನಾನು ಕಲಿಸಿದ್ದು. ಮಗು ಉದ್ರೇಕಗೊಂಡಾಗ ಕ್ಲಾಸಿನ ಒಂದು ಮೂಲೆಯಲ್ಲಿ ಚಾಪೆ ಹಾಸಿ, ಒಂದೆರಡು ಬಣ್ಣದ ಪುಸ್ತಕ ಇಟ್ಟು, ಬೇಕೆನಿಸಿದಷ್ಟು ಹೊತ್ತು ಅಲ್ಲಿ ಕೂರಲು ಬಿಡುವುದು. ಟೀಚರು ಕಣ್ಣಳತೆಯಲ್ಲಿ ಇರಬೇಕು. ಒಬ್ಬರಾದರೂ ಮಾಡುತ್ತಿದ್ದಾರಲ್ಲ ಎಂದು ನಾನು ಆ ವರದಿಗಳನ್ನು ಖುಷಿಯಿಂದ ಮೇಲಕ್ಕೆ ಕಳಿಸುತ್ತಿದ್ದೆ.

ರೇವತಿಯ ತಾಯಿ ಸರಳಾ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮಗುವಿನ ತಂದೆ ತೀರಿಕೊಂಡ ಮೇಲೆ ಅವಳಿಗೆ ಎರಡನೇ ಮದುವೆಯಾಗಿತ್ತು. ಆತ ಮುರುಗೇಶ್, ಸಣ್ಣ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದ. ಮನೆಯಲ್ಲಿ ತಮಿಳು, ಹೊರಗೆ ತಡವರಿಸುವ ಕನ್ನಡ. ಶಾಲೆಗೆ ಕರೆದಾಗಲೆಲ್ಲ ಬರುತ್ತಿದ್ದವನು ಅವನೇ. ಮಗುವನ್ನು ಏನಾದರೂ ಕೇಳಿದರೆ ಉತ್ತರ ಅವನ ಬಾಯಿಂದ ಬರುತ್ತಿತ್ತು. ಮಗು ನನ್ನ ಕಡೆ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ನನ್ನ ಅನುಮಾನ ಅಲ್ಲಿಂದ ಶುರುವಾಯಿತು. ಮಾತಾಡಲು ಬಿಡದ ಮಲತಂದೆ, ಮಾತಾಡದ ಮಗು.

ಒಂದು ದಿನ ಅವಳ ಎಡಗೈಯ ಮೇಲೆ ಗುರುತುಗಳು ಕಂಡವು. ಸಣ್ಣ ಸಣ್ಣ, ದುಂಡನೆಯ, ಕಪ್ಪುಗಟ್ಟಿದ ಐದಾರು ಗುರುತು.

"ಇದೇನು ರೇವತಿ?"

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಮುರುಗೇಶ್ ಹೇಳಿದ, "ಅವ್ಳೇ ಕಚ್ಕೊಂಡಿರೋದು ಮೇಡಂ. ಮನೇಲಿ ಮಾಡಲ್ಲ. ಸ್ಕೂಲಿಂದ ಬರ್ತಾ ಹಂಗೇ ಇರ್ತದೆ. ನಾನೇ ನಿಮ್ಮನ್ನ ಕೇಳ್ಬೇಕು ಅಂತಿದ್ದೆ."

ಮಗುವಿನ ಮೈಮೇಲೆ ಗುರುತು ಕಂಡಾಗ ದೊಡ್ಡವರು ಇಂಥ ಉತ್ತರಗಳನ್ನೇ ಕೊಡುತ್ತಾರೆ ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು. ಆತನ ಅಂಗಿಯ ತುಂಬ ಕಿಡಿ ಬಿದ್ದ ತೂತುಗಳಿದ್ದವು. ನಾನು ಆ ತೂತುಗಳನ್ನು ನೋಡಿದೆ, ಮಗುವಿನ ಕೈ ನೋಡಿದೆ, ಎರಡನ್ನೂ ಸೇರಿಸಿಬಿಟ್ಟೆ. ಗಿರಿಜಾ ಮೇಡಂ ಪಕ್ಕದಲ್ಲಿ ಸಣ್ಣ ದನಿಯಲ್ಲಿ, "ನಂಗೂ ಮೊದಲಿಂದ ಅದೇ ಡೌಟು ಮೇಡಂ" ಎಂದರು. ಅಂದು ಸಂಜೆ ಫಾರಂನಲ್ಲಿ, 'ಸುಟ್ಟ ಗುರುತುಗಳಿರಬಹುದು. ಮಲತಂದೆಯ ಮೇಲೆ ಅನುಮಾನ' ಎಂದು ಬರೆದು ಕಳಿಸಿದೆ.

ಅನುಮಾನ ಬಂದರೆ ತಿಳಿಸಬೇಕು. ಅದರಲ್ಲಿ ಎರಡು ಮಾತಿಲ್ಲ, ಇಂದಿಗೂ ಅದನ್ನೇ ಹೇಳುತ್ತೇನೆ. ಆದರೆ ನಾನು ಆ ಗುರುತುಗಳನ್ನು ಬೆಳಕಿಗೆ ಹಿಡಿದು ನೋಡಲಿಲ್ಲ, ಡಾಕ್ಟರಿಗೆ ತೋರಿಸಿ ಎಂದು ಮೊದಲು ಕೇಳಲಿಲ್ಲ. ಕ್ಲಾಸಿನಲ್ಲಿ ಒಂದು ಪೂರ್ತಿ ದಿನ ಕೂರಲಿಲ್ಲ. ಗಿರಿಜಾ ಬರೆದದ್ದನ್ನು ನಾನೇ ಕಂಡಂತೆ ಬರೆದೆ.

ಮಕ್ಕಳ ರಕ್ಷಣೆಯ ಕಚೇರಿಯಿಂದ ವಿಚಾರಿಸಲು ಜನ ಬಂದರು. ಮುರುಗೇಶನ ಅಂಗಡಿಯ ಓಣಿಯಲ್ಲಿ ಜೀಪು ನಿಂತಿತು. ವಿಚಾರಣೆ ಮುಗಿಯುವ ತನಕ ಮಗುವನ್ನು ಬೇರೆ ಕಡೆ ಇಡುವುದು ಒಳ್ಳೆಯದು ಎಂದಾಗ, ಶಿವಮೊಗ್ಗದ ರಾಗಿಗುಡ್ಡದಲ್ಲಿದ್ದ ಸರಳಾಳ ಅಕ್ಕ ಮಗುವನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಅಲ್ಲೇ ಹತ್ತಿರದ ಶಾಲೆಗೆ ಸೇರಿಸಿದರು. ಮುರುಗೇಶನಿಗೆ ಆ ಮನೆಗೆ ಹೋಗಬಾರದು ಎಂದು ತಾಕೀತು ಮಾಡಿದ್ದರು.

ಒಂದು ತಿಂಗಳಾಯಿತು. ರಾಗಿಗುಡ್ಡದ ಶಾಲೆಯಿಂದ ಬಂದ ಸುದ್ದಿ ಬಹಳ ಚೆನ್ನಾಗಿತ್ತು. ಕಿರುಚುವುದಿಲ್ಲ, ಕಚ್ಚುವುದಿಲ್ಲ, ಕೂಡುವ ಲೆಕ್ಕದಲ್ಲಿ ಮುಂದಿದ್ದಾಳೆ. ನಮ್ಮ ಮೇಲಧಿಕಾರಿ ಸಭೆಯಲ್ಲಿ ನನ್ನನ್ನು ಎದ್ದು ನಿಲ್ಲಿಸಿ ಹೊಗಳಿದರು. "ಮನೆ ಬದಲಾಯ್ತು, ಮಗು ಸರಿಹೋಯ್ತು. ಬೇಗ ಗುರುತಿಸೋದು ಅಂದ್ರೆ ಇದು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಬಸ್ಸಿನಲ್ಲಿ ಮನೆಗೆ ಬರುವಾಗ ಏನೋ ಕಸಿವಿಸಿ. ಹೊಗಳಿಕೆ ಕೇಳಿದರೆ ಎಲ್ಲೋ ಏನೋ ಬಿಟ್ಟುಹೋಗಿದೆ ಎನ್ನಿಸುವುದು ಆ ನ್ಯೂ ಟೌನಿನ ಶಾಲೆಯ ನಂತರ ನನಗೆ ಅಂಟಿದ ರೋಗ. ಬದಲಾಗಿದ್ದು ಮನೆ ಒಂದೇ ಅಲ್ಲವಲ್ಲ, ಶಾಲೆಯೂ ಬದಲಾಗಿದೆಯಲ್ಲ ಎಂದು ಹೊಳೆಯಿತು. ಹೊಳೆದ ಕೂಡಲೇ ಅದನ್ನು ತಳ್ಳಿಹಾಕಿದೆ. ಗಿರಿಜಾ ಇರುವ ಶಾಲೆ ಅದು ಎಂದುಕೊಂಡೆ.

ಮಾರನೇ ವಾರ ರಾಗಿಗುಡ್ಡದ ಶಾಲೆಗೆ ಹೋದೆ. ಎಂದಿನಂತೆ ಹೇಳದೆ ಹೋದೆ. ರೇವತಿ ಕಿಟಕಿಯ ಹತ್ತಿರ ಇನ್ನೊಬ್ಬ ಹುಡುಗಿಯ ಜೊತೆ ನಗುತ್ತ ಕೂತಿದ್ದಳು. ಅವಳು ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ನನ್ನನ್ನು ಕಂಡಳು. ಕಂಡವಳೇ ಸ್ಲೇಟು ಎಸೆದು ಬೆಂಚಿನ ಕೆಳಗೆ ನುಗ್ಗಿದಳು. ಎತ್ತಲು ಹೋದ ಟೀಚರ ಕೈ ಕಚ್ಚಿದಳು.

ಟೀಚರು ವಯಸ್ಸಿನಲ್ಲಿ ಚಿಕ್ಕವರು, ಕಕ್ಕಾಬಿಕ್ಕಿಯಾದರು. "ಒಂದ್ ದಿನಾನೂ ಹಿಂಗ್ ಮಾಡಿಲ್ಲ ಮೇಡಂ. ಇವತ್ತೇ."

ಇವತ್ತೇ. ಅಲ್ಲಿ ಮುರುಗೇಶ್ ಇರಲಿಲ್ಲ. ಅವಳ ಮನೆಯವರು ಯಾರೂ ಇರಲಿಲ್ಲ. ಹೊಸದಾಗಿ ಬಂದವಳು ನಾನೊಬ್ಬಳೇ.

ಮಕ್ಕಳನ್ನೆಲ್ಲ ಹೊರಗೆ ಆಡಲು ಕಳಿಸಲು ಹೇಳಿದೆ. ಬಾಗಿಲ ಹತ್ತಿರ, ಅವಳಿಗೆ ಸಾಕಷ್ಟು ದೂರದಲ್ಲಿ, ನೆಲದ ಮೇಲೆ ಕೂತೆ. ಏನೂ ಕೇಳಲಿಲ್ಲ. ಮಂಡಿ ನೋಯತೊಡಗಿತು. ಕೊನೆಗೆ ಬೆಂಚಿನ ಕೆಳಗಿನಿಂದ ದನಿ ಬಂತು.

"ಈ ಮಿಸ್‌ಗೂ ಹೇಳ್ಕೊಡ್ತೀರಾ?"

"ಏನನ್ನ?"

"ಅಕ್ಕಿ ರೂಮು."

ನನಗೆ ಅರ್ಥವಾಗಲಿಲ್ಲ. "ಅಕ್ಕಿ ರೂಮಲ್ಲಿ ಏನಾಯ್ತು ರೇವತಿ?"

"ಬಾಗ್ಲು ಹಾಕ್ತಾರೆ. ಕತ್ಲು. ಇಲಿ ಇದೆ." ಬೆಂಚಿನ ಕಾಲು ಹಿಡಿದುಕೊಂಡು ಹೇಳಿದಳು, "ನೀವೇ ಹೇಳಿದ್ದು ಅಂದ್ರು ಗಿರಿಜಾ ಮಿಸ್. ಸುಮಿತ್ರಾ ಮೇಡಂ ರೂಲು ಅಂತ."

ಸುಮಿತ್ರಾ ನಾನು.

"ಕೈ ಕಚ್ಕೊಂಡಿದ್ದು?"

"ಅಲ್ಲೇ. ಕಿರುಚಿದ್ರೆ ಜಾಸ್ತಿ ಹೊತ್ತು ಹಾಕ್ತಾರೆ. ಅದಕ್ಕೆ ಬಾಯಿಗೆ ಕೈ ಇಟ್ಕೊಳ್ತಿದ್ದೆ."

ಅವಳನ್ನು ಮುಟ್ಟಬೇಕೆನಿಸಿತು, ಮುಟ್ಟಲಿಲ್ಲ. ಅಂಥದ್ದು ಯಾವ ಶಾಲೆಯಲ್ಲೂ ನನ್ನ ರೂಲು ಅಲ್ಲ, ಈ ಮಿಸ್ ಯಾವ ಬಾಗಿಲೂ ಹಾಕುವುದಿಲ್ಲ ಎಂದೆ. ಅವಳು ನಂಬಿದಳೋ ಇಲ್ಲವೋ ಗೊತ್ತಿಲ್ಲ. ನಾನು ಎದ್ದು ಹೊರಗೆ ಹೋದ ಮೇಲೆಯೇ ಬೆಂಚಿನ ಕೆಳಗಿಂದ ಬಂದಳು.

ಅದೇ ಮಧ್ಯಾಹ್ನ ಭದ್ರಾವತಿಯ ಬಸ್ಸು ಹತ್ತಿದೆ. ಮಗುವಿನ ಮಾತನ್ನೂ ಅನುಮಾನಿಸುತ್ತ ಕೂತಿದ್ದೆ. ಸುಳ್ಳಾಗಿರಲಿ ಎಂಬ ಆಸೆ ಅದರಲ್ಲಿ ಇತ್ತು. ಶಾಲೆಯ ಹಿಂಭಾಗದಲ್ಲಿ ಬಿಸಿಯೂಟದ ಹಾಲಮ್ಮ ಪಾತ್ರೆ ತೊಳೆಯುತ್ತಿದ್ದಳು. ಅಕ್ಕಿ ಮೂಟೆ ಇಡುವ ಕೋಣೆ ತೋರಿಸು ಎಂದೆ. ಅವಳು ಕೈ ಒರೆಸಿಕೊಂಡು ಬಾಗಿಲು ತೆಗೆದಳು. ಕಿಟಕಿ ಇಲ್ಲದ ಕೋಣೆ. ಮೂಟೆಗಳ ನಡುವೆ ಒಂದು ಚಾಪೆ ಹಾಸಿತ್ತು. ಪಕ್ಕದಲ್ಲಿ ಎರಡು ಬಣ್ಣದ ಪುಸ್ತಕ.

ಬಗ್ಗಿ ಒಂದು ಪುಸ್ತಕ ಕೈಗೆತ್ತಿಕೊಂಡೆ.

"ಆ ಮಗೂನ ಇಲ್ಲಿ ಕೂರಿಸ್ತಿದ್ರಾ ಹಾಲಮ್ಮ?"

"ಊಟ ಆದ್ಮೇಲೆ ನಿದ್ದೆ ಹೊತ್ತಲ್ವಾ, ಅದು ಒಂಚೂರು ಗಲಾಟೆ ಮಾಡ್ತಿತ್ತು. ಐದು ನಿಮಿಷ ಅಂತ ಹಾಕೋರು. ಒಂದೊಂದ್ ದಿನ ಬೆಲ್ ಹೊಡೆಯೋ ತನಕ ಮರ್ತೇಬಿಡೋರು. ನಾನ್ ಎರಡು ಸಲ ತೆಗ್ದಿದ್ದೀನಿ. ಅದು ಟ್ರೇನಿಂಗಲ್ಲಿ ಹೇಳಿದ್ದು, ನಿಂಗೆ ಗೊತ್ತಾಗಲ್ಲ ಅಂತ ಬೈದ್ರು."

"ನಂಗ್ ಯಾಕ್ ಹೇಳ್ಲಿಲ್ಲ ಮಾರಾಯ್ತಿ?"

ಹಾಲಮ್ಮ ನನ್ನ ಮುಖ ನೋಡಿದಳು. "ನೀವು ನನ್ನ ಯಾವಾಗ್ ಮಾತಾಡ್ಸಿದ್ರಿ?"

ಕ್ಲಾಸಿಗೆ ಹೋಗಿ ಕೇಳಿದಾಗ ಗಿರಿಜಾ ಸುಳ್ಳು ಹೇಳಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು. ತರಬೇತಿಯ ನೋಟ್ಸ್ ತೆಗೆದು ತೋರಿಸಿದರು. 'ಸದ್ದಿಲ್ಲದ ಜಾಗ. ಚಾಪೆ. ಪುಸ್ತಕ. ಬೇರೆ ಮಕ್ಕಳಿಂದ ದೂರ.' ನನ್ನ ಮಾತುಗಳೇ. ಬೇಕೆನಿಸಿದರೆ ಎದ್ದು ಬರಬಹುದು ಎಂಬುದು ಅದರಲ್ಲಿ ಇರಲಿಲ್ಲ. ನಾನು ಅದನ್ನು ಹೇಳಿದ್ದೆನೋ, ಊಟಕ್ಕೆ ಹೊತ್ತಾಯಿತೆಂದು ಬಿಟ್ಟಿದ್ದೆನೋ ನೆನಪಿಲ್ಲ.

"ಎರಡು ಕ್ಲಾಸು ಸೇರಿಸಿ ನಂಗೊಬ್ಬಳಿಗೆ ಕೊಟ್ಟಿದ್ದಾರೆ ಮೇಡಂ. ಕ್ಲಾಸಲ್ಲಿ ಮೂಲೆ ಎಲ್ಲಿದೆ ತೋರಿಸಿ. ಅದೊಂದೇ ಜಾಗ ಇದ್ದದ್ದು. ಬಾಗಿಲು ಹಾಕದಿದ್ರೆ ಓಡಿಬರ್ತಿದ್ಲು" ಎಂದರು. ಆಮೇಲೆ ಮೆಲ್ಲಗೆ, "ಪ್ರತಿ ಸಲ ಬರ್ದಿದ್ದೀನಲ್ಲ. ನೀವು ಒಂದ್ ಸಲಾನಾದ್ರೂ ಯಾವ ಮೂಲೆ ಅಂತ ಕೇಳಿದ್ರಾ?"

ಅವರು ಮಾಡಿದ್ದು ತಪ್ಪು ಎಂದು ಹೇಳಿದೆ, ಮೇಲಕ್ಕೆ ಬರೆಯುತ್ತೇನೆ ಎಂದೂ ಹೇಳಿದೆ.

ಮೇಲಧಿಕಾರಿಯ ಎದುರು ಕೂತು ಎಲ್ಲವನ್ನೂ ಹೇಳಿದೆ. ಅವರು ಕೆಟ್ಟವರಲ್ಲ. ಬಾಗಿಲು ಮುಂದೆ ಮಾಡಿ ಬಂದು ಕೂತರು.

"ಮಗು ಈಗ ಚೆನ್ನಾಗಿದೆ ತಾನೆ?"

"ಹೌದು ಸರ್."

"ಮತ್ತೆ ಯಾಕೆ ಕೆದಕ್ತೀರಿ? ವಿಚಾರಣೆ ತಾನಾಗೇ ತಣ್ಣಗಾಗುತ್ತೆ. ಸಾಕ್ಷಿ ಇಲ್ಲ ಅಂತ ಮುಚ್ತಾರೆ. ನಿಮ್ಮ ಸರ್ವಿಸ್ ಇನ್ನು ಮೂರು ವರ್ಷ. ಈ ಕಾಗದ ಹೋದ್ರೆ ಶಾಲೆ ಮೇಲೆ ಬರುತ್ತೆ, ನಿಮ್ಮ ಮೇಲೂ ಬರುತ್ತೆ."

ಸಾಕ್ಷಿ ಇಲ್ಲ ಎಂದು ಮುಚ್ಚಿದರೆ ಅನುಮಾನ ಹಾಗೇ ಉಳಿಯುತ್ತದೆ, ಅದು ನನಗೆ ಗೊತ್ತಿತ್ತು. ಅನುಮಾನವೇ ನನ್ನ ಕಸುಬು. ಎರಡು ದಿನ ಯೋಚಿಸಿದೆ. ಹೆದರಿದ್ದೆ, ಇಲ್ಲ ಎನ್ನುವುದಿಲ್ಲ. ಮೂರನೇ ದಿನ ನಾಲ್ಕು ಪುಟ ಬರೆದು, ಸಹಿ ಹಾಕಿ, ಹಾಲಮ್ಮನ ಹೇಳಿಕೆಯನ್ನೂ ಸೇರಿಸಿ ಕೊಟ್ಟೆ. ಡಾಕ್ಟರು ಆಮೇಲೆ ಮಗುವಿನ ಕೈಯ ಮೇಲೆ ಉಳಿದಿದ್ದ ಕಲೆ ನೋಡಿ ಸಣ್ಣ ಹಲ್ಲಿನ ಗುರುತು ಎಂದೇ ಬರೆದರು. ಅಷ್ಟು ಸುಲಭವಾಗಿ ಕಾಣುವಂಥದ್ದಾಗಿತ್ತು ಅದು.

ಗಿರಿಜಾಗೆ ಬೇರೆ ಶಾಲೆಗೆ ವರ್ಗವಾಯಿತು. ನನಗೆ ಒಂದು ನೋಟೀಸು ಬಂತು, ಉತ್ತರ ಕೊಟ್ಟೆ. ಆ ಕೋಣೆಯ ಚಿಲಕ ತೆಗೆಸಿದರು. ಇದಾದ ಮೇಲೆ ನಾನು ಯಾವ ಮಗುವಿನ ಫಾರಂ ತುಂಬುವ ಮೊದಲೂ ಮೂರು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಅದರ ಕ್ಲಾಸಿನಲ್ಲಿ ಕೂರುತ್ತಿದ್ದೆ, ಅಡುಗೆಯವರ ಹತ್ತಿರ ಮಾತಾಡದೆ ಯಾವ ಶಾಲೆಯಿಂದಲೂ ಹೊರಡುತ್ತಿರಲಿಲ್ಲ. ನಿಧಾನ ಎಂದು ಬೈಸಿಕೊಂಡೆ. ಮಗುವಿಗೆ ತಕ್ಷಣದ ಅಪಾಯ ಕಂಡರೆ ಮಾತ್ರ ಕಾಯುತ್ತಿರಲಿಲ್ಲ.

ರೇವತಿ ಮನೆಗೆ ಹಿಂತಿರುಗಿದ ವಾರ ನಾನು ಮುರುಗೇಶನ ಅಂಗಡಿಗೆ ಹೋದೆ. ಓಲ್ಡ್ ಟೌನಿನ ಇಕ್ಕಟ್ಟಾದ ರಸ್ತೆ, ಅಕ್ಕಪಕ್ಕ ಒಂದು ಸೈಕಲ್ ಶಾಪು, ಒಂದು ಟೀ ಅಂಗಡಿ. ಬೆಳಿಗ್ಗೆ ಹನ್ನೊಂದರ ಹೊತ್ತು. ಅವನು ಗೇಟೊಂದಕ್ಕೆ ಕಂಬಿ ಕೂರಿಸುತ್ತಿದ್ದ. ನನ್ನನ್ನು ಕಂಡು ಕಣ್ಣಿನ ಕನ್ನಡಕ ಮೇಲೆ ಸರಿಸಿದ. ಕೂರಿ ಎನ್ನಲಿಲ್ಲ.

ನಾನು ತಪ್ಪು ತಿಳಿದಿದ್ದೆ, ಮೇಲಿನವರಿಗೆ ಬರೆದು ಕೊಟ್ಟಿದ್ದೇನೆ ಎಂದೆ.

"ಮೇಲಿನವ್ರಿಗೆ ಗೊತ್ತಾಯ್ತು ಮೇಡಂ" ಎಂದ. "ಇಲ್ಲಿನವ್ರಿಗೆ? ಜೀಪು ಇಲ್ಲಿ ನಿಂತಿತ್ತು. ಮನೆ ಓನರ್ ಖಾಲಿ ಮಾಡು ಅಂತಾರೆ. ಹೆಣ್ಮಕ್ಳು ಇರೋ ಮನೇವ್ರು ಈ ಕಡೆ ಕೆಲ್ಸಾನೇ ಕೊಡ್ತಿಲ್ಲ. ಒಂದು ಕಾಗದ ಬರೀರಿ. ನಂಗೆ ಕನ್ನಡ ಓದಕ್ಕೆ ಬರಲ್ಲ. ಓದಿ ಹೇಳಿ."

ಚೀಲದಿಂದ ಹಾಳೆ ತೆಗೆದು, ಅವನ ಮೇಜಿನ ಮೇಲಿನ ಕಬ್ಬಿಣದ ಪುಡಿ ಸರಿಸಿ ಬರೆದೆ. ಮುರುಗೇಶ್ ಅವರು ಮಗುವಿಗೆ ಯಾವ ತೊಂದರೆಯನ್ನೂ ಕೊಟ್ಟಿಲ್ಲ, ಅವರ ಮೇಲೆ ಬಂದ ದೂರು ತಪ್ಪು ತಿಳಿವಳಿಕೆಯಿಂದ ಆದದ್ದು ಎಂದು ಬರೆದು ಸಹಿ ಹಾಕಿದೆ. ಓದಿ ಹೇಳಿದೆ.

ಅವನು ಸೈಕಲ್ ಶಾಪಿನವನನ್ನು ಕರೆದ. "ಇವ್ರು ಕೇಳ್ಲಿಲ್ಲ. ಇನ್ನೊಂದ್ ಸಲ ಓದಿ ಮೇಡಂ."

ಓದಿದೆ. ಟೀ ಅಂಗಡಿಯ ಮುಂದೆ ನಿಂತಿದ್ದ ಮೂರು ನಾಲ್ಕು ಜನ ಇತ್ತ ಬಂದರು. ಅವರ ಹಿಂದೆ ವಯಸ್ಸಾದ ಒಬ್ಬರು, ಮನೆಯ ಓನರ್ ಎಂದು ಕಾಣುತ್ತದೆ, ಚೀಲ ಹಿಡಿದು ನಿಂತರು. ಮುರುಗೇಶ್ ನನ್ನ ಕಡೆ ನೋಡಿದ.

ಮೂರನೇ ಸಲ ಓದಲು ಶುರುಮಾಡಿದೆ. ಬಿಸಿಲಿಗೆ ಮುಖ ಉರಿಯುತ್ತಿತ್ತು. 'ತಪ್ಪು ತಿಳಿವಳಿಕೆಯಿಂದ ಆದದ್ದು' ಎಂಬಲ್ಲಿಗೆ ಬಂದಾಗ ನಾಲಿಗೆ ನಿಂತಿತು. ಯಾರ ತಿಳಿವಳಿಕೆ ಎಂದು ಅಲ್ಲಿ ಬರೆದಿರಲಿಲ್ಲ. ಇಷ್ಟು ವರ್ಷ ವರದಿ ಬರೆದ ಕೈ, ಅಲ್ಲೂ ತನ್ನನ್ನು ಬಚ್ಚಿಟ್ಟುಕೊಂಡಿತ್ತು. "ಅವರ ಮೇಲೆ ದೂರು ಬರೆದವಳು ನಾನು. ವಿಚಾರಿಸದೆ ಬರೆದೆ. ಅದು ನನ್ನ ತಪ್ಪು" ಎಂದು ಓದಿದೆ.

ಮುರುಗೇಶ್ ಹತ್ತಿರ ಬಂದು ಹಾಳೆಯನ್ನು ಬಗ್ಗಿ ನೋಡಿದ. ಓದಲು ಬಾರದಿದ್ದರೂ, ಎರಡು ಸಲ ಕೇಳಿದ್ದವನಿಗೆ ಅಷ್ಟು ಮಾತು ಅಲ್ಲಿ ಇಲ್ಲ ಎಂಬುದು ಗೊತ್ತಾಗಿತ್ತು.

"ಈಗ ಹೇಳಿದ್ರಲ್ಲ," ಎಂದು ನನ್ನ ಪೆನ್ನು ನನಗೇ ಕೊಟ್ಟ, "ಅದನ್ನ ಬರೀರಿ."